ಕಾಲು ಮುಟ್ಟುವ ಅಜ್ಜ

ಆಷಾಢ ಏಕಾದಶಿಗೆ ಪಂಢರಪುರ ಮುಟ್ಟಬೇಕೆಂದು ವಾರಕರಿಗಳು ದಿಂಡಿ ಕಟ್ಟಿಕೊಂಡು ನಡೆಯುತ್ತಾರೆ. ನಮ್ಮ ಖಾನಾಪುರ ಕಡೆಯವರೂ ಹೋಗುತ್ತಾರೆ. ಕೊರಳಲ್ಲಿ ತುಳಸಿಮಾಲೆ, ಕೈಯಲ್ಲಿ ತಾಳ. ಅವರಲ್ಲೊಂದು ರೂಢಿ ಇದೆ. ಇಬ್ಬರು ಎದುರಾದರೆ ಒಬ್ಬರ ಕಾಲನ್ನು ಒಬ್ಬರು ಮುಟ್ಟಿ ನಮಸ್ಕರಿಸುತ್ತಾರೆ. ಅಜ್ಜಂದಿರು ಹುಡುಗರ ಕಾಲನ್ನೂ ಮುಟ್ಟುತ್ತಾರೆ! ಜಾತಿ ಕೇಳಂಗಿಲ್ಲ, ವಯಸ್ಸು ನೋಡಂಗಿಲ್ಲ. ಎಲ್ಲರೂ ‘ಮಾವುಲಿ’, ಅಂದರೆ ತಾಯಿ.

ದೇವರನ್ನು ಕಾಣಲು ಒಬ್ಬರೇ ಕಣ್ಣು ಮುಚ್ಚಿ ಕೂಡಬೇಕು ಅಂತಾರ ಕೆಲವರು. ನನಗೆ ಹಾಗೆ ಅನಿಸುವುದಿಲ್ಲ. ತನ್ನೊಳಗೆ ಎಷ್ಟು ದೊಡ್ಡಸ್ತಿಕೆ ಇತ್ತು ಅನ್ನೋದು ಆ ಅಜ್ಜನಿಗೆ ಹುಡುಗನ ಮುಂದೆ ಬಾಗಿದಾಗಲೇ ತಿಳೀತದ. ಒಬ್ಬನೇ ಕುಂತರೆ ಬಾಗೋದು ಯಾರಿಗೆ? ೧೨ನೇ ಶತಮಾನದಲ್ಲಿ ಬಸವಣ್ಣನವರೂ ಗವಿ ಹುಡುಕಿಕೊಂಡು ಹೋಗಲಿಲ್ಲ. ಕಲ್ಯಾಣದಲ್ಲಿ ಕಾಯಕದ ಜನರೊಂದಿಗೆ ಕುಳಿತು ಮಾತಾಡಿದರು.

ವಿಠ್ಠಲನನ್ನು ತುಕಾರಾಮರು ಮರಾಠಿಯಲ್ಲಿ ಹಾಡಿದರು, ಪುರಂದರದಾಸರು ಕನ್ನಡದಲ್ಲಿ ಹಾಡಿದರು. ದಿಂಡಿಯಲ್ಲಿ ಎರಡೂ ಮಾತಿನವರು ಕೂಡಿ ನಡೆಯುತ್ತಾರೆ. ಹಾಗಿದ್ದರೆ ಕನ್ನಡ ಶಾಲೆಯವರು, ಮರಾಠಿ ಶಾಲೆಯವರು ಒಂದೇ ಬಸ್ ಸ್ಟ್ಯಾಂಡಿನಲ್ಲಿ ಬೇರೆ ಬೇರೆ ಗುಂಪಾಗಿ ನಿಲ್ಲೋದು ಯಾಕೆ? ಕಾಲು ಮುಟ್ಟೋದು ಬ್ಯಾಡ, ಹೆಸರಾದ್ರೂ ಕೇಳೋಣ. ಬಸ್ಸು ಎಂಟೂವರೆಗೆ ಬರ್ತದ.