ಹಿಮೋಗ್ಲೋಬಿನ್ ಒಂದೇ ನೋಡಿದರೆ ಸಾಲದು: ರಕ್ತಹೀನತೆ ತಡೆಯಲ್ಲಿ ನರ್ಸ್‌ಗಳ ಪಾತ್ರವೇನು?

ಚೆನ್ನೈನ ಉಪನಗರ ಪಲ್ಲಾವರಂ ಇರಲಿ, ನಮ್ಮ ಕಲಬುರಗಿ ಇರಲಿ, ಬಿಎಸ್ಸಿ ನರ್ಸಿಂಗ್ ಓದುವವರಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮವೇ ಆಧಾರ. ಜೀವರಸಾಯನ ವಿಜ್ಞಾನ ಹಾಗೂ ಪೋಷಣೆ, ಪಥ್ಯಾಹಾರದ ಪಾಠಗಳು ಎರಡನೇ ಸೆಮಿಸ್ಟರ್‌ನಲ್ಲೇ ಒಟ್ಟಿಗೆ ಬರುತ್ತವೆ. ಇವೆರಡನ್ನೂ ಜೋಡಿಸಿ ಓದುವುದು ಏಕೆ ಮುಖ್ಯ ಎಂಬುದಕ್ಕೆ ರಕ್ತಹೀನತೆಯೇ ಉದಾಹರಣೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ದೇಶದಲ್ಲಿ ಶೇ 57, ತಮಿಳುನಾಡಿನಲ್ಲಿ ಶೇ 53.4, ಕರ್ನಾಟಕದಲ್ಲಿ ಶೇ 47.8. ಕೇಂದ್ರ ಸರ್ಕಾರ 2018ರಲ್ಲೇ 'ಅನೀಮಿಯಾ ಮುಕ್ತ ಭಾರತ' ಯೋಜನೆ ಆರಂಭಿಸಿದೆ. ಕಬ್ಬಿಣಾಂಶದ ಮಾತ್ರೆ ಹಂಚಿಕೆ ಇದರ ಮುಖ್ಯ ಭಾಗ.

ಸಂಖ್ಯೆ ಹೇಳುವುದೇನು?

ಗರ್ಭಿಣಿಯಲ್ಲದ ಮಹಿಳೆಯ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಆದರೆ ಅದಕ್ಕೆ ಕಾರಣವೇನೆಂದು ಈ ಸಂಖ್ಯೆ ಹೇಳುವುದಿಲ್ಲ. ಕೆಂಪು ರಕ್ತಕಣದ ಗಾತ್ರ ಸೂಚಿಸುವ ಎಂಸಿವಿ ಕಡಿಮೆಯಿದ್ದರೆ ಕಬ್ಬಿಣಾಂಶದ ಕೊರತೆ ಅಥವಾ ಥಲಸ್ಸೇಮಿಯಾ ಇರಬಹುದು. ಹೆಚ್ಚಿದ್ದರೆ ವಿಟಮಿನ್ ಬಿ12 ಅಥವಾ ಫೋಲೇಟ್ ಕೊರತೆಯ ಅನುಮಾನ ಬರುತ್ತದೆ. ಅಂಥವರಿಗೆ ಕಬ್ಬಿಣಾಂಶದ ಮಾತ್ರೆಯೊಂದೇ ಪರಿಹಾರವಲ್ಲ.

ದೇಹದಲ್ಲಿ ಸಂಗ್ರಹವಾದ ಕಬ್ಬಿಣಾಂಶವನ್ನು ತೋರಿಸುವ ಫೆರಿಟಿನ್ ಕೂಡ ದಾರಿ ತಪ್ಪಿಸಬಹುದು. ಆರೋಗ್ಯವಂತ ವಯಸ್ಕರಲ್ಲಿ ಲೀಟರ್‌ಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಆಗ ಕೊರತೆಯ ಮಿತಿ 70. ಅಂದರೆ ಜ್ವರದಲ್ಲಿರುವ ರೋಗಿಯ ರಿಪೋರ್ಟ್ 'ನಾರ್ಮಲ್' ಎಂದಿದ್ದರೂ ಕೊರತೆ ಅಡಗಿರಬಹುದು. ಉರಿಯೂತ ತೋರಿಸುವ ಸಿಆರ್‌ಪಿಯನ್ನು ಜೊತೆಗೆ ನೋಡಬೇಕಾದದ್ದು ಇದಕ್ಕೇ.

ರಕ್ತ ತೆಗೆಯುವ ವಿಧಾನವೂ ಮುಖ್ಯ. ಬೆರಳನ್ನು ಜೋರಾಗಿ ಹಿಂಡಿದರೆ ಅಂಗಾಂಶದ ದ್ರವ ಬೆರೆತು ಹಿಮೋಗ್ಲೋಬಿನ್ ಲೆಕ್ಕ ತಪ್ಪುತ್ತದೆ.

ತಟ್ಟೆಯಲ್ಲಿ ಏನಿದೆ?

ಸೊಪ್ಪು, ಕಾಳುಗಳ ಕಬ್ಬಿಣಾಂಶ ಸುಲಭವಾಗಿ ಮೈಗೆ ಹತ್ತುವುದಿಲ್ಲ. ನಿಂಬೆರಸ, ನೆಲ್ಲಿಕಾಯಿಯ ವಿಟಮಿನ್ ಸಿ ಇದಕ್ಕೆ ನೆರವಾದರೆ, ಊಟದ ಜೊತೆಗಿನ ಕಾಫಿ, ಟೀ ಅಡ್ಡಿಯಾಗುತ್ತವೆ. ಬಿ12 ಹಾಲು, ಮೊಟ್ಟೆ, ಮೀನು, ಮಾಂಸದಂಥ ಆಹಾರದಲ್ಲಿ ಸಿಗುತ್ತದೆ.

ರೋಗ ನಿರ್ಣಯ, ಚಿಕಿತ್ಸೆ ವೈದ್ಯರ ಕೆಲಸ. ಆದರೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದ ಮಹಿಳೆಯನ್ನು ಗುರುತಿಸಿ, 'ಮಾತ್ರೆಯನ್ನು ಯಾವಾಗ, ಯಾವುದರ ಜೊತೆ ತೆಗೆದುಕೊಳ್ಳುತ್ತೀರಿ, ಮುಟ್ಟಿನ ರಕ್ತಸ್ರಾವ ಹೆಚ್ಚಿದೆಯೇ' ಎಂದು ಕೇಳಿ ವೈದ್ಯರಿಗೆ ತಿಳಿಸಬಲ್ಲವರು ಹೆಚ್ಚಾಗಿ ನರ್ಸ್‌ಗಳೇ. ಈ ಎರಡು ವಿಷಯಗಳನ್ನು ಬರೀ ಪರೀಕ್ಷೆಗಾಗಿ ಓದಿ ಮುಗಿಸಿದರೆ, ಮಾತ್ರೆ ಹಂಚಿದ ಲೆಕ್ಕ ಏರಬಹುದು, ರಕ್ತಹೀನತೆ ಇಳಿಯುವುದು ಕಷ್ಟ.