ಬೆಂಕಿಗೆ ಅಂಜಿದ ಅಡ್ಮಿರಲ್



ಕಾರ್ಟೂನೆಂದರೆ ಬರೀ ಬಡಿದಾಟ ಎಂದು ನಾವು ಹಿರಿಯರು ಮೂಗು ಮುರಿಯುವುದುಂಟು. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಎಲ್ಲ ಮಾಲನ್ನೂ ಒಂದೇ ದರಕ್ಕೆ ಕಟ್ಟಬಾರದು. 2005ರಿಂದ 2008ರವರೆಗೆ ಅಮೆರಿಕದ ನಿಕೆಲೋಡಿಯನ್ ವಾಹಿನಿಯಲ್ಲಿ 61 ಕಂತುಗಳಾಗಿ ಬಂದ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಎಂಬ ಚಿತ್ರಮಾಲೆಯಲ್ಲಿ ಒಬ್ಬ ಮಾಜಿ ಯೋಧನಿದ್ದಾನೆ. ಅವನದು ಬಹಳ ಸಣ್ಣ ಪಾತ್ರ. ಈ ತಿಂಗಳು ಅವನ ವಿಚಾರ ಮಾಡೋಣ.

ಆ ಕಥೆಯ ಲೋಕದಲ್ಲಿ ನೀರು, ಭೂಮಿ, ಬೆಂಕಿ, ಗಾಳಿ ಎಂದು ನಾಲ್ಕು ಜನಾಂಗಗಳು. ಕೆಲವರಿಗೆ ತಮ್ಮ ತಮ್ಮ ಭೂತವನ್ನು ಕೈಸನ್ನೆಯಿಂದ ಆಡಿಸುವ ವಿದ್ಯೆಯುಂಟು. ಅಗ್ನಿರಾಷ್ಟ್ರವು ಉಳಿದವರ ಮೇಲೆ ನೂರು ವರ್ಷದಿಂದ ಯುದ್ಧ ಹೂಡಿದೆ. ಅದರ ಸೈನ್ಯದಲ್ಲಿ ಅಡ್ಮಿರಲ್ ಆಗಿದ್ದವನು ಜಾಂಗ್ ಜಾಂಗ್. ಯುದ್ಧದ ನಾಶ ಕಂಡು ಬೇಸತ್ತು, ಪದವಿ ಬಿಟ್ಟು, ಹೊಳೆದಂಡೆಯ ಕಾಡು ಸೇರಿದ. ಮೊದಲ ಭಾಗದ 16ನೆಯ ಕಂತಿನ ಹೆಸರೇ ‘ದಿ ಡೆಸರ್ಟರ್’, ಅಂದರೆ ಸೈನ್ಯ ಬಿಟ್ಟು ಹೋದವನು.

ಆಂಗ್ ಎಂಬ ಹನ್ನೆರಡು ವರ್ಷದ ಹುಡುಗ ಅಗ್ನಿವಿದ್ಯೆ ಕಲಿಸೆಂದು ಅವನಲ್ಲಿಗೆ ಬರುತ್ತಾನೆ. ಮುದುಕ ಮೊದಲು ಒಲ್ಲೆನೆನ್ನುತ್ತಾನೆ. ಒಪ್ಪಿದ ಮೇಲೂ ಬೆಂಕಿ ಕೊಡುವುದಿಲ್ಲ. ನೆಟ್ಟಗೆ ನಿಲ್ಲು, ಉಸಿರು ಹಿಡಿತಕ್ಕೆ ತಾ ಎನ್ನುತ್ತಾನೆ. ಆಮೇಲೆ ಒಂದು ಎಲೆಯ ನಡುವೆ ಕಿಡಿ ಹೊತ್ತಿಸಿ ಕೈಗಿಟ್ಟು, ಅದು ಅಂಚಿಗೆ ಹೋಗದಂತೆ ತಡೆದಿಡು ಎನ್ನುತ್ತಾನೆ. ಹುಡುಗನಿಗೆ ಅವಸರ. ಗುರು ಅತ್ತ ಹೋದದ್ದೇ ತಡ, ದೊಡ್ಡ ಬೆಂಕಿ ಎಬ್ಬಿಸಿ ಆಡತೊಡಗುತ್ತಾನೆ. ಪಕ್ಕದಲ್ಲಿದ್ದ ಗೆಳತಿ ಕಟಾರಾಳ ಎರಡೂ ಕೈ ಸುಡುತ್ತವೆ. ಆಕೆ ಹೊಳೆಯಲ್ಲಿ ಕೈ ಅದ್ದಿದಾಗ ನೀರಿನ ವಿದ್ಯೆಯಿಂದ ಗಾಯ ಮಾಯುತ್ತದೆ. ಅದನ್ನು ಕಂಡ ಜಾಂಗ್ ಜಾಂಗ್, ನಿನ್ನ ವಿದ್ಯೆ ವಾಸಿ ಮಾಡುತ್ತದೆ, ನನ್ನದು ಸುಡುತ್ತದೆ ಎಂದು ಮರುಗುತ್ತಾನೆ.

ಅವನನ್ನು ಹಿಡಿಯಲು ಬಂದ ಅಡ್ಮಿರಲ್ ಝಾವೋ ಅವನ ಹಳೆಯ ಶಿಷ್ಯನೇ. ಶಕ್ತಿ ಬೇಕು, ಹಿಡಿತ ಬೇಡ ಎಂಬ ಜಾತಿಯವನು. ಇದನ್ನರಿತ ಆಂಗ್ ಒಂದೂ ಏಟು ಕೊಡದೆ ಅವನನ್ನು ಕೆಣಕುತ್ತಾ ದೋಣಿಗಳ ಮೇಲೆ ಓಡಾಡುತ್ತಾನೆ. ಝಾವೋ ಸಿಟ್ಟಿನ ಭರದಲ್ಲಿ ಬೆಂಕಿ ಎರಚಿ ತನ್ನ ದೋಣಿಗಳನ್ನೇ ಸುಟ್ಟುಕೊಳ್ಳುತ್ತಾನೆ. ಗುರು ಒಬ್ಬನೇ; ಕಲಿತದ್ದು ಬೇರೆ ಬೇರೆ.

ಸಾಲದ ಶೇಷ, ಬೆಂಕಿಯ ಶೇಷ ಉಳಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎರಡೂ ಬೆಳೆಯುವುದು ಕಾಣುವುದಿಲ್ಲ. ನಾವು ಮಕ್ಕಳ ಕೈಗೆ ಗಲ್ಲಾಪೆಟ್ಟಿಗೆಯ ಕೀಲಿ ಕೊಡುತ್ತೇವೆ, ಮೋಟರ್‌ಸೈಕಲ್ ಕೊಡುತ್ತೇವೆ. ಎಲೆಯ ಮೇಲಿನ ಕಿಡಿ ತಡೆಯುವ ಪಾಠ ಮಾತ್ರ ಆಮೇಲೆ ನೋಡೋಣವೆಂದು ಬಿಡುತ್ತೇವೆ. ಮೊದಲಿಗೆ ಸುಡುವುದು ಪಕ್ಕದಲ್ಲಿ ನಂಬಿ ನಿಂತವರ ಕೈ.

ಹಾಗೆಂದು ಬೆಂಕಿ ಬರೀ ಶಾಪವೆಂಬ ಮುದುಕನ ಮಾತಿಗೆ ಕಥೆ ನಿಲ್ಲುವುದಿಲ್ಲ. ಕೈ ಸುಟ್ಟ ದಿನ ಇನ್ನೆಂದೂ ಬೆಂಕಿ ಮುಟ್ಟೆನೆಂದಿದ್ದ ಆಂಗ್, ಮೂರನೆಯ ಭಾಗದಲ್ಲಿ ಬೆಂಕಿಯೇ ಜೀವದ ಕಾವೂ ಹೌದೆಂದು ಕಲಿಯುತ್ತಾನೆ. 2008ರ ಕೊನೆಯ ಕಂತುಗಳಲ್ಲಿ ಜಾಂಗ್ ಜಾಂಗ್ ಕೂಡ ಕಾಡು ಬಿಟ್ಟು ಬಂದು, ಇತರ ಹಿರಿಯರೊಡನೆ ಸೇರಿ, ತನ್ನ ದೇಶ ಗೆದ್ದುಕೊಂಡಿದ್ದ ಬಾ ಸಿಂಗ್ ಸೇ ನಗರವನ್ನು ಬಿಡಿಸುತ್ತಾನೆ. ಒಲೆಯೊಳಗಿದ್ದರೆ ಅನ್ನ, ಒಲೆ ದಾಟಿದರೆ ಬೂದಿ. ಅಂಜಿಕೆ ಮೊದಲು ಬರಲಿ, ಬಳಕೆ ಆಮೇಲೆ ಬರಲಿ.

ಮಕ್ಕಳು ಇದನ್ನು ನೋಡುವಾಗ ದೊಡ್ಡವರೂ ಒಂದು ಕಂತು ಜೊತೆಗೆ ಕುಳಿತು ನೋಡಿರಿ. ಆ ಎಲೆ ಏಕೆ ಕೊಟ್ಟನೆಂದು ಅವರನ್ನೇ ಕೇಳಿರಿ.