ಕ್ಷೌರದ ಕತ್ತಿಯ ಹಿಡಿಕೆ ಮತ್ತು ಕಾಯಕದ ಗೌರವ

ಶರಣರು ಕಾಯಕದಲ್ಲಿ ಮೇಲು-ಕೀಳೆಂಬ ಭೇದವನ್ನು ಎಣಿಸಲಿಲ್ಲ. ಕಾಯಕವೇ ಪೂಜೆಯೆಂದಾದ ಮೇಲೆ ಕಾಯಕದ ಉಪಕರಣವೂ ಪೂಜೆಯ ಪರಿಕರವೇ ಆಗುತ್ತದೆ. ಬಸವಣ್ಣನವರಿಗೆ ಅತ್ಯಂತ ಸಮೀಪವರ್ತಿಯಾಗಿದ್ದ ಹಡಪದ ಅಪ್ಪಣ್ಣನವರನ್ನು ತಮ್ಮ ಕುಲಗುರುವೆಂದು ನೆನೆಯುವ ಕ್ಷೌರಿಕ ಮನೆತನಗಳು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿಯೂ ಉಂಟು.

ಇಂದು ಅಂಗಡಿಗಳಲ್ಲಿ ಪ್ರತಿಯೊಬ್ಬ ಗಿರಾಕಿಗೂ ಹೊಸ ಬ್ಲೇಡು ಹಾಕುವ ಕತ್ತಿ ಬಳಕೆಯಲ್ಲಿದೆ. ರಕ್ತದಿಂದ ಹರಡುವ ರೋಗಗಳನ್ನು ತಡೆಯಲು ಅದು ಯೋಗ್ಯವೂ ಹೌದು. ಆದುದರಿಂದ ಅಜ್ಜಂದಿರ ಕಾಲದ ಮಡಚುವ ಕತ್ತಿಯು ಪೆಟ್ಟಿಗೆಯ ತಳ ಸೇರಿದೆ. ಅಲಗು ಗಟ್ಟಿಯಾಗಿದ್ದರೂ ಹಿಡಿಕೆ ಸೀಳಿರುತ್ತದೆ. ಕೆಲವರು ಅದನ್ನು ಗುಜರಿಗೆ ಹಾಕುವರು. ಅದಕ್ಕೆ ಕಾರಣ ಬಡತನವಲ್ಲ, ಸಂಕೋಚ. ಕ್ಷೌರಿಕನ ಹೆಸರನ್ನೇ ಬೈಗುಳವಾಗಿಸಿದ ಸಮಾಜವೇ ಆ ಸಂಕೋಚವನ್ನು ಹುಟ್ಟಿಸಿದೆ. ಆ ಕತ್ತಿಯನ್ನು ದುರಸ್ತಿಗೊಳಿಸಿ ಮನೆಯಲ್ಲಿ ಗೌರವದಿಂದ ಇರಿಸಿಕೊಳ್ಳುವುದೇ ಉಚಿತ.

ದುರಸ್ತಿಗೂ ವಿವೇಕ ಬೇಕು. ಹಿಡಿಕೆಯ ಎರಡು ಪಟ್ಟಿಗಳನ್ನೂ ಅಲಗನ್ನೂ ಕೂಡಿಸುವುದು ಸುಮಾರು ಒಂದೂವರೆ ಮಿಲಿಮೀಟರು ದಪ್ಪದ ಒಂದು ಕೀಲು. ಅಲ್ಲಿ ಕಬ್ಬಿಣದ ಮೊಳೆಯನ್ನು ಹೊಡೆದರೆ ಅದು ತುಕ್ಕು ಹಿಡಿದು ಅಲಗಿಗೂ ಕಲೆ ತರುತ್ತದೆ; ಗಡುಸಾದುದರಿಂದ ಬಡಿಯುವಾಗ ಪಟ್ಟಿ ಬಿರಿಯುತ್ತದೆ. ಹಿತ್ತಾಳೆಯ ತಂತಿಯ ಕೀಲು ಮೃದುವಾದುದು. ಚಿಕ್ಕ ವಾಷರಿನ ಮೇಲೆ ಹಗುರವಾಗಿ ತಟ್ಟಿದರೆ ಅದರ ತುದಿ ಅರಳಿ ಕೂಡುತ್ತದೆ, ಸಡಿಲಾದರೆ ಮತ್ತೆ ತಟ್ಟಬಹುದು, ಬೇಕಾದಾಗ ಅರದಿಂದ ಉಜ್ಜಿ ತೆಗೆಯಲೂಬಹುದು. ಅಂಟು ಹಾಕಿದ ಹಿಡಿಕೆಗೆ ಈ ಅನುಕೂಲವಿಲ್ಲ.

ಪಟ್ಟಿಯ ಆಯ್ಕೆಯಲ್ಲಿಯೂ ಎಚ್ಚರ ಅಗತ್ಯ. ಹಳೆಯ ಸೆಲ್ಯುಲಾಯ್ಡ್ ಹಿಡಿಕೆಯು ಮುಪ್ಪಾದಂತೆ ಆಮ್ಲದ ಆವಿಯನ್ನು ಬಿಟ್ಟು ತಾನು ಕಾಯಬೇಕಾದ ಅಲಗನ್ನೇ ತಿನ್ನುತ್ತದೆ; ಅದನ್ನು ತೆಗೆದುಹಾಕುವುದೇ ಲೇಸು. ಎಮ್ಮೆಯ ಕೊಂಬು ಚೆಲುವಾದುದು, ಆದರೆ ಅಥಣಿ-ಕಾಗವಾಡದ ಬಿಸಿಲಿಗೆ ಒಣಗಿ ಸೊಟ್ಟಗಾಗುತ್ತದೆ, ಹುಳವೂ ತಗಲುತ್ತದೆ. ಆಗಾಗ ಎಣ್ಣೆ ಸವರುವವರಿಗೆ ಮಾತ್ರ ಅದು ಒಪ್ಪುತ್ತದೆ. ಆನೆಯ ದಂತ, ಜಿಂಕೆಯ ಕೊಂಬುಗಳ ಮಾತೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವುಗಳ ವ್ಯಾಪಾರವನ್ನು ತಡೆದಿದೆ. ನೇಗಿಲು, ಬಂಡಿಗಳಿಗೆ ಒದಗಿಬಂದ ಜಾಲಿಯ ಮರವೇ ಈ ಸೀಮೆಗೆ ಸಹಜವಾದುದು. ಚೆನ್ನಾಗಿ ಒಣಗಿದ ತುಂಡನ್ನು ಆರಿಸಿ ಎಣ್ಣೆಯುಣಿಸಿದರೆ ನಿಪ್ಪಾಣಿಯ ಮಳೆಗಾಲದ ತೇವವನ್ನೂ ಅದು ತಾಳಿಕೊಳ್ಳುವುದು.

ಹರಿತವಾದ ಅಲಗನ್ನು ಹಿಡಿದು ನಿಲ್ಲಿಸುವುದು ಮೃದುವಾದ ಕೀಲು. ತಾನು ಸವೆದು ಅಲಗನ್ನು ಉಳಿಸುವುದೇ ಅದರ ಧರ್ಮ. ವಿನಯವುಳ್ಳ ಕಾಯಕಜೀವಿಯೂ ಸಮಾಜಕ್ಕೆ ಅಂತಹ ಕೀಲು. ಆತನ ಉಪಕರಣವನ್ನು ಮನ್ನಿಸಲಾರದವರು ಕಾಯಕವನ್ನು ಕುರಿತು ಎಷ್ಟು ಮಾತನಾಡಿದರೂ ಅದು ಬರಿಮಾತು.